ಹೊಳೆ ನೋಡಲು ಹೊರಟ ಮೇಷ್ಟ್ರು

ಹೊಸನಗರದ ಮಿಡ್ಲ್ ಸ್ಕೂಲಿಗೆ ಕೆಲಸಕ್ಕೆ ಸೇರಿದ ದಿನ, ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೊದಲೇ ಮೇಷ್ಟ್ರು ಕೇಳಿದರು: "ನಿಮ್ಮ ಮನೆ ಹೆಂಚಿನ ಮೇಲೆ ಬಿದ್ದ ನೀರು ಯಾವ ಹೊಳೆಗೆ ಹೋಗ್ತದೆ?"

ನಾನು ಸಾಗರದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಆಗ ಇಪ್ಪತ್ತೆರಡು ವರ್ಷ. ಚರಂಡಿಗೆ ಹೋಗುತ್ತದೆ ಎಂದೆ. "ಚರಂಡಿ ಎಲ್ಲಿಗೆ ಹೋಗ್ತದೆ?" ಎಂದರು. ಗೊತ್ತಿಲ್ಲ ಎಂದೆ. ಅವರು ಪಾಪ ಎನ್ನುವಂತೆ ತಲೆಯಾಡಿಸಿ ಹಾಜರಿ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಆ ತಲೆಯಾಡಿಸಿದ್ದು ನನ್ನನ್ನು ಎಷ್ಟು ಚುಚ್ಚಿತೆಂದರೆ, ದಸರಾ ರಜೆಗೆ ಮನೆಗೆ ಹೋದವಳು ಕೊಡೆ ಹಿಡಿದುಕೊಂಡು ನಮ್ಮ ಬೀದಿಯ ಚರಂಡಿಯ ಹಿಂದೆಯೇ ಹೊರಟುಬಿಟ್ಟೆ. ಚರಂಡಿ ಕೆರೆಗೆ ಬಿತ್ತು, ಕೆರೆಯ ಕೋಡಿ ಗದ್ದೆಯ ತೋಡಿಗೆ ಸೇರಿತು, ತೋಡು ಹೋಗಿ ವರದೆಯನ್ನು ಕೂಡಿತು. ಮಗಳಿಗೆ ಏನಾಯಿತೋ ಎಂದು ಅಪ್ಪನಿಗೆ ಗಾಬರಿ. ರಜೆ ಮುಗಿಸಿ ಬಂದವಳು, "ವರದಾ, ಮೇಷ್ಟ್ರೇ" ಎಂದೆ. ಅವರ ಮುಖ ಅರಳಿತು. "ಹಂಗಾದ್ರೆ ನಿಮ್ಮನೆ ನೀರು ಮೂಡಣ ಸಮುದ್ರಕ್ಕೆ. ಇಲ್ಲಿ ನಮ್ಮನೇದು ಪಡುವಣಕ್ಕೆ. ನಡುವೆ ಒಂದು ಗುಡ್ಡ ಅಷ್ಟೇ, ನೋಡಿ!"

ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಗದ ಬರೆದು ಅವರು ತೀರಿಕೊಂಡದ್ದನ್ನು ತಿಳಿಸಿದಳು. ತುಂಬು ವಯಸ್ಸು, ಮಲಗಿದ್ದು ಎರಡೇ ದಿನವಂತೆ. ಕಾಗದದ ಕೊನೆಯಲ್ಲಿ, "ನಮ್ಮ ಮನೆ ನೀರು ಶರಾವತಿಗೆ, ಟೀಚರ್" ಎಂದು ಬರೆದಿದ್ದಳು. ಅವರ ಕೈಯಲ್ಲಿ ಕಲಿತ ಯಾರೂ ಅದನ್ನು ಮರೆತಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಂಪಿನ ಫೋಟೋದಲ್ಲಿ ಕಂಬದ ಮರೆಗೆ ನಿಲ್ಲುತ್ತಿದ್ದ ಮನುಷ್ಯ. ಹೆಸರು ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಅವರು ಭೂಗೋಳದ ಮೇಷ್ಟ್ರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬೀದಿಯಲ್ಲಿ ಹೋಗುವಾಗ ತುಟಿ ಅಲ್ಲಾಡುತ್ತಿತ್ತು. ಜಪ ಮಾಡುತ್ತಾರೆಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಹೆಜ್ಜೆ ಎಣಿಸುತ್ತಿದ್ದರು. ಶಾಲೆಯಿಂದ ಪೋಸ್ಟಾಫೀಸಿಗೆ ಮುನ್ನೂರ ಎಪ್ಪತ್ತು. ಮಳೆಗಾಲದಲ್ಲಿ ಕೆಸರು ತಪ್ಪಿಸಿ ನಡೆಯಬೇಕಾದ್ದರಿಂದ ನಾನೂರು. ಕರಿಹಲಗೆಯ ಮುಂದೆ ನಿಂತರೆ ಸೀಮೆಸುಣ್ಣವನ್ನು ಒಮ್ಮೆಯೂ ಎತ್ತದೆ ಇಡೀ ರಾಜ್ಯದ ಗಡಿ ಎಳೆಯುತ್ತಿದ್ದರು. ತರಗತಿಯಲ್ಲಿ ಅವರ ಕಂಠ ಪಕ್ಕದ ಕೋಣೆಯಲ್ಲಿ ಪದ್ಯ ಹೇಳಿಕೊಡುತ್ತಿದ್ದ ನನ್ನನ್ನು ಮುಳುಗಿಸುತ್ತಿತ್ತು. ಅದೇ ಮನುಷ್ಯ ಬೀದಿಗಿಳಿದರೆ ಅಂಗಡಿಯವನ ಹತ್ತಿರ ಬೆಂಕಿಪೊಟ್ಟಣ ಕೇಳಲೂ ಸಂಕೋಚಪಡುತ್ತಿದ್ದರು. ಗುರುತಿಲ್ಲದವರು ಎದುರು ಬಂದರೆ ಕೊಡೆಯನ್ನು ಅಡ್ಡ ಹಿಡಿಯುತ್ತಿದ್ದರು, ಬಿಸಿಲು ಯಾವ ಕಡೆಗಿದ್ದರೂ ಸರಿ.

ಅವರ ಮನೆಯ ಗೋಡೆಗೆ ಹೊಂದಿಕೊಂಡೇ ನನ್ನ ಬಾಡಿಗೆ ಕೋಣೆ. ಗಂಡ ಹೆಂಡತಿ ಇಬ್ಬರ ಭರವಸೆಯ ಮೇಲೆ ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೇಗರವಳ್ಳಿಯ ಕಡೆಯವರು, ಗಂಡನಿಗೆ ಪೂರ್ತಿ ತದ್ವಿರುದ್ಧ. ಸಂತೆಗೆ ಹೋದರೆ ಬದನೆಕಾಯಿ ಮಾರುವವಳ ಸೊಸೆಯ ಬಾಣಂತನದವರೆಗೆ ವಿಚಾರಿಸಿಕೊಂಡು ಬರುತ್ತಿದ್ದರು. "ಇಪ್ಪತ್ತು ವರ್ಷದಿಂದ ಇವ್ರ ಬಾಯಿ ನಾನು, ನನ್ನ ಕಾಲು ಇವ್ರು" ಎಂದು ಅಕ್ಕ ನಗುತ್ತಿದ್ದರು.

ಮೇಷ್ಟ್ರಿಗೆ ಒಂದೇ ಒಂದು ಆಸೆಯಿತ್ತು. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದೆ. ಅಲ್ಲಿಂದ ಹೊಸನಗರದ ಮಗ್ಗುಲಲ್ಲೇ ಹಾದು, ಸಾಗರದ ಕಡೆ ಹೋಗಿ, ಜೋಗದಲ್ಲಿ ಧುಮುಕುತ್ತದೆ. ಹುಟ್ಟಿದಲ್ಲಿಂದ ಧುಮುಕುವವರೆಗೆ ದಂಡೆ ಬಿಡದೆ ನಡೆಯಬೇಕು. ಹದಿನೈದನೆಯ ವಯಸ್ಸಿಗೇ ಮನಸ್ಸು ಮಾಡಿದ್ದರಂತೆ. ಅಪ್ಪ ತೀರಿಕೊಂಡರು, ತಂಗಿಯರ ಮದುವೆ ಬಂತು, ತಮ್ಮನ ಓದು, ಜನಗಣತಿ, ಚುನಾವಣೆ. ಪ್ರತಿ ವರ್ಷ "ಮುಂದಿನ ಬೇಸಗೆ" ಎನ್ನುತ್ತಿದ್ದರು. ಶಾಲೆಯಲ್ಲಿ ಅವರ ಹಿಂದೆ "ಮುಂದಿನ ಬೇಸಗೆ ಮೇಷ್ಟ್ರು" ಎಂಬ ಅಡ್ಡಹೆಸರೇ ಓಡಾಡುತ್ತಿತ್ತು.

ನಾನು ಸೇರಿದ ಮರುವರ್ಷ, ಇದೇ ಹೊಳೆಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಇನ್ನೊಂದೆರಡು ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ದಂಡೆಯ ಊರುಗಳೆಲ್ಲ ಮುಳುಗುತ್ತವೆ ಎಂಬ ಮಾತು ತಾಲ್ಲೂಕು ಆಫೀಸಿನ ಜಗಲಿಯಲ್ಲಿ ದಿನವೂ ಕೇಳುತ್ತಿತ್ತು. "ಈ ಬೇಸಗೆಗೆ ಹೋಗಲೇಬೇಕು ಟೀಚರೇ" ಎಂದು ಮೇಷ್ಟ್ರು ಮೊದಲ ಬಾರಿಗೆ ತಿಂಗಳು ಗೊತ್ತು ಮಾಡಿದರು.

ಅದೇ ವರ್ಷ ಶ್ರಾವಣದಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಮನೆಮದ್ದು ಆಯಿತು, ಪೇಟೆಯ ಡಾಕ್ಟರದ್ದಾಯಿತು. ಕೊನೆಗೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದು ಕಳಿಸಿದರು. ಗಡ್ಡೆ ಎಲ್ಲ ಕಡೆ ಹಬ್ಬಿದೆ, ಮುಂದಿನ ಮಳೆಗಾಲ ಕಾಣುವುದು ಕಷ್ಟ ಎಂದು ಡಾಕ್ಟರು ಮೇಷ್ಟ್ರಿಗೆ ಹೇಳಿದರು. ಅವರು ಅದನ್ನು ಹೆಂಡತಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲೇ ಅಕ್ಕ, ಅದೇ ಆಸ್ಪತ್ರೆಯಿಂದ ರಜೆಗೆ ಊರಿಗೆ ಹೊರಟು ಪಕ್ಕದಲ್ಲಿ ಕೂತಿದ್ದ ನರ್ಸಮ್ಮನ ಬಾಯಿ ಬಿಡಿಸಿ ಎಲ್ಲ ತಿಳಿದುಕೊಂಡಿದ್ದರು.

ಆಮೇಲೆ ಮೇಷ್ಟ್ರು ಹೊಳೆಯ ಮಾತೆತ್ತಲಿಲ್ಲ. ಶಾಲೆಯಿಂದ ಓಡುತ್ತಲೇ ಬರುತ್ತಿದ್ದರು. ಹೆಂಡತಿ ಕೂತರೆ ದಿಂಬು, ಎದ್ದರೆ ಕೈ, ಕೆಮ್ಮಿದರೆ ನೀರು. ತಲೆಬಾಗಿಲ ಹತ್ತಿರ ಕೂತು ಆಕೆಯ ಮುಖವನ್ನೇ ನೋಡುತ್ತಿರುತ್ತಿದ್ದರು. ಒಂದು ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ ಅಕ್ಕನಿಗೆ ಸಿಟ್ಟು ಬಂದಿತ್ತು.

"ಟೀಚರೇ, ಇವ್ರಿಗೆ ನೀವಾದ್ರೂ ಹೇಳಿ. ಈ ಬೇಸಗೆ ಹೋಗ್ತೀನಿ ಅಂದೋರು, ಈಗ ಹೋಗಲ್ವಂತೆ."

"ನಿನ್ನ ಬಿಟ್ಟು ಹೆಂಗೆ ಹೋಗ್ಲಿ?" ಎಂದರು ಮೇಷ್ಟ್ರು ನೆಲ ನೋಡುತ್ತ. "ಮುಂದಿನ ಬೇಸಗೆ ನೋಡಿದ್ರಾಯ್ತು."

"ಮುಂದಿನ ಬೇಸಗೆಗೆ ಹೊಳೆನೂ ಇರಲ್ಲ, ನಾನೂ ಇರಲ್ಲ. ಎರಡ್ರಲ್ಲಿ ಒಂದನ್ನಾದ್ರೂ ಸರಿಯಾಗಿ ನೋಡ್ಕಳಿ."

ಆ ಮಾತನ್ನು ಅಕ್ಕ ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಮೇಷ್ಟ್ರು ಎದ್ದು ಅಂಗಳಕ್ಕೆ ಹೋದರು. ಅಕ್ಕ ಅಲ್ಲಿಗೂ ಕೇಳುವಂತೆ ದನಿ ಏರಿಸಿದರು: "ಒಂದೇ ಸಲ ಹೋಗಿ ಅಂತ ನಾನು ಹೇಳ್ತಾ ಇಲ್ಲ. ಭಾನುವಾರ ಭಾನುವಾರ ಹೋಗಿ. ಒಂದೊಂದು ತುಂಡು ನಡೀರಿ, ಸಂಜೆ ಬಸ್ಸಿಗೆ ಬನ್ನಿ, ಬಂದು ನಂಗೆ ಹೇಳಿ. ಆರು ದಿನ ನನ್ನ ಮುಖ ನೋಡ್ತಾ ಕೂತಿರ್ತೀರಲ್ಲ, ಅದೇ ನಂಗೊಂದು ಕಾಯಿಲೆ ಆಗಿದೆ!"

ಭಾನುವಾರ ಅಕ್ಕನ ಹತ್ತಿರ ನಾನಿರುವುದೆಂದು ತೀರ್ಮಾನವಾಯಿತು. ನನಗೆ ಒಳಗೊಳಗೇ ಇಷ್ಟವಿರಲಿಲ್ಲ. ಸಾಯುವ ಹೆಂಡತಿಯನ್ನು ಬಿಟ್ಟು ಹೊಳೆ ನೋಡಲು ಹೋಗುವುದೆಂದರೇನು? ಆಕೆ ಕಳಿಸಿದರೂ ಇವರು ಹೋಗಬಹುದೇ? ಊರಿನವರು ಅದನ್ನೇ ಬಾಯಿಬಿಟ್ಟು ಆಡಿಕೊಂಡರು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ.

ದೀಪಾವಳಿ ಕಳೆದ ಮೊದಲ ಭಾನುವಾರ ಅವರು ಬೆಳಗಿನ ಬಸ್ಸು ಹಿಡಿದು ಅಂಬುತೀರ್ಥಕ್ಕೆ ಹೋದರು. ಸಂಜೆ ಬಂದು ಕಾಲು ತೊಳೆದು ಹೆಂಡತಿಯ ಎದುರು ಕೂತರು. ಅಷ್ಟು ಸಂತೋಷದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಬೊಗಸೆ ನೀರು, ಅಷ್ಟೇ ಕಣೇ. ಅಲ್ಲಿಂದ ಒಂದೂವರೆ ಮೈಲಿಯವರೆಗೆ ಒಂದು ಹೆಜ್ಜೆ ಹಾಕಿದ್ರೆ ಆಚೆ ದಡ. ಆಮೇಲೆ ಎಡಗಡೆಯಿಂದ ಒಂದು ಹಳ್ಳ ಸೇರ್ತದೆ. ಅಲ್ಲಿ ಅಗಲ ಏಳು ಹೆಜ್ಜೆ."

"ಅಲ್ಲಿ ಪೂಜೆ ಮಾಡೋರು ಯಾರು?"

"ಗೊತ್ತಿಲ್ಲ."

"ಊಟ ಎಲ್ಲಿ ಮಾಡಿದ್ರಿ?"

"ಒಂದು ಬಂಡೆ ಮೇಲೆ ಕೂತು ಬುತ್ತಿ ಬಿಚ್ಚಿದೆ."

"ಹತ್ರ ಮನೆ ಇರಲಿಲ್ವಾ?"

"ಇತ್ತು, ಎರಡು."

"ಯಾರನ್ನೂ ಮಾತಾಡಿಸ್ಲಿಲ್ವಾ?"

ಮೇಷ್ಟ್ರು ಯೋಚಿಸಿದರು. "ಒಂದು ಎಮ್ಮೆ ಇತ್ತು" ಎಂದರು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರೆ ನೋವಾಗುತ್ತಿತ್ತು, ಆದರೂ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಎಂಥ ಸಾವು ಮಾರಾಯ್ರೆ, ನೀರು ನೀರೇ. ನಂಗೆ ಅದರ ಅಗಲ ಕಟ್ಕಂಡು ಎಂತ ಆಗ್ಬೇಕು? ದಂಡೆ ಮೇಲೆ ಯಾರಿದಾರೆ, ಎಂತ ಮಾಡ್ತಾರೆ, ಎಂತ ಉಣ್ತಾರೆ, ಅದು ಹೇಳಿ. ವಾರಕ್ಕೆ ಒಂದು ಮನೆಯಾದ್ರೂ ಹೊಕ್ಕು ಬರ್ಬೇಕು" ಎಂದು ಕಟ್ಟಪ್ಪಣೆ ಮಾಡಿದರು.

ಎರಡನೆಯ ಭಾನುವಾರ ಅವರು ಒಂದು ಮನೆಯ ದಣಪೆ ಬಾಗಿಲ ಹೊರಗೆ ಅರ್ಧ ಗಂಟೆ ನಿಂತು ತಿರುಗಿ ಬಂದರು. ಮೂರನೆಯ ಭಾನುವಾರ ದಣಪೆ ದಾಟಿ, ಪಾಠ ಒಪ್ಪಿಸುವ ಹುಡುಗರ ಹಾಗೆ ಕೈಕಟ್ಟಿ ನಿಂತು ಹೇಳಿದರಂತೆ: "ನಾನು ಹೊಸನಗರ ಶಾಲೆ ಮೇಷ್ಟ್ರು. ನನ್ನ ಹೆಂಡ್ತಿಗೆ ಹುಷಾರಿಲ್ಲ. ನಿಮ್ಮನೇಲಿ ಇವತ್ತು ಎಂತ ಸಾರು ಅಂತ ಕೇಳ್ಕಂಡು ಬನ್ನಿ ಅಂದಿದಾಳೆ." ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಹೆಜ್ಜೆ ಎಣಿಸುತ್ತ ಬರುವುದನ್ನು ಕಂಡು, ಮುಳುಗಡೆ ಅಳೆಯುವ ಸಾಹೇಬರೆಂದು ತಿಳಿದು ಮೊದಲು ಒಳಗೇ ಅಡಗಿ ಕೂತಿದ್ದರಂತೆ. ಸಾರಿನ ಮಾತು ಕೇಳಿದ ಮೇಲೆ ಒಬ್ಬ ಅಜ್ಜಿ ಹೊರಗೆ ಬಂದು, "ಮೊದ್ಲು ಕೂತ್ಕಳಿ ಮಗಾ. ಕಾಯಿಲೆ ಎಂತದು?" ಎಂದಳಂತೆ.

ಆ ಅಜ್ಜಿಯಿಂದ ಎಲ್ಲ ಬದಲಾಯಿತು. ಹುರುಳಿ ಸಾರು, ಅನ್ನ ಉಣ್ಣಿಸಿ, ಅಕ್ಕನಿಗೆ ಬಾಯಿ ರುಚಿಯಿಲ್ಲವೆಂದು ತಿಳಿದು, ಹೊಳೆದಂಡೆಯ ಮರದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎಲೆಯಲ್ಲಿ ಕಟ್ಟಿಕೊಟ್ಟಳು. ವಾರದಿಂದ ಏನೂ ಸೇರದಿದ್ದ ಅಕ್ಕ ಆ ಸಂಜೆ ಅದರ ರಸ ನೆಂಚಿಕೊಂಡು ನಾಲ್ಕು ತುತ್ತು ಉಂಡರು. ಉಣ್ಣುತ್ತ ಕೇಳಿದರು: ಅಜ್ಜಿಗೆ ಮಕ್ಕಳೆಷ್ಟು, ಮಿಡಿ ಕೊಯ್ಯುವವರು ಯಾರು, ಮರ ಮುಳುಗುತ್ತದಾ? ಮೇಷ್ಟ್ರಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಂದಿನ ವಾರ ಕೇಳಿಕೊಂಡು ಬಂದರು. ಆ ಒಂದು ಪ್ರಶ್ನೆಗಾಗಿ ನಡೆದ ದಾರಿಯನ್ನೇ ಎರಡು ಮೈಲಿ ಹಿಂದಕ್ಕೆ ನಡೆದಿದ್ದರು.

ಹೀಗೆ ಹೊಳೆ ನಮ್ಮ ಮನೆಗೆ ಬರತೊಡಗಿತು. ನನಗೂ ಭಾನುವಾರದ ಸಂಜೆಗಾಗಿ ಕಾಯುವುದು ಅಭ್ಯಾಸವಾಯಿತು. ಅಕ್ಕ ಸೋಮವಾರದಿಂದಲೇ ಮುಂದಿನ ವಾರದ ಪ್ರಶ್ನೆಗಳನ್ನು ಕೂಡಿಡುತ್ತಿದ್ದರು. ನೋವು ಹೆಚ್ಚಾದಾಗ ಕಣ್ಣು ಮುಚ್ಚಿ, "ಆ ದೋಣಿ ನಡೆಸೋನ ಹೆಂಡ್ತಿ ತವರಿಂದ ಬಂದ್ಲಾ ಕೇಳ್ಬೇಕು, ನೆನಪಿಸಿ ಟೀಚರೇ" ಎನ್ನುತ್ತಿದ್ದರು. ಬರಬರುತ್ತ ಮೇಷ್ಟ್ರ ಮಾತಿನಲ್ಲಿ ಹೆಜ್ಜೆಯ ಲೆಕ್ಕ ಕಡಿಮೆಯಾಯಿತು, ಜನ ಹೆಚ್ಚಾದರು. ಪೇಟೆಯಲ್ಲಿ ಗುರುತಿಲ್ಲದವರು ಎದುರಾದರೆ ಕೊಡೆ ಮಡಿಚುವುದನ್ನು ನಾನೇ ಕಂಡೆ.

ಒಂದು ಭಾನುವಾರ ಮಾತ್ರ ಅವರು ಕಾಲೂ ತೊಳೆಯದೆ ಬಂದು ಕೂತರು. ಅಕ್ಕ ಕಾದು ನೋಡಿ, "ಎಂತಾತು?" ಎಂದರು.

"ಒಬ್ಬ ರೈತನ ಮನೆಗೆ ಹೋಗಿದ್ದೆ. ಮನೆ ಹಿಂದಿನ ಮರಕ್ಕೆ ನೀರು ಎಲ್ಲಿವರೆಗೆ ಬರ್ತದೆ ಅಂತ ಗುರುತು ಹೊಡೆದು ಹೋಗಿದಾರೆ. ಅವನ ಮನೆ ಸೂರಿಗಿಂತ ಎರಡಾಳು ಮೇಲಿದೆ."

"ಅವನು ಎಂತ ಮಾಡ್ತಿದ್ದ?"

"ನೇಗಿಲಿಗೆ ಹೊಸ ಮೇಣಿ ಕೂರಿಸ್ತಿದ್ದ."

"ಮುಳುಗೋದು ಗೊತ್ತಿದ್ದೂ?"

"ನಾನೂ ಅದನ್ನೇ ಕೇಳಿದೆ. 'ಮಳೆಗಾಲಕ್ಕೆ ಇನ್ನೂ ಹೊತ್ತಿದೆ ಅಲ್ದಾ ಮೇಷ್ಟ್ರೇ' ಅಂದ."

ಅಕ್ಕ ಗೋಡೆಗೆ ಒರಗಿಕೊಂಡರು. ಆಮೇಲೆ, "ಸರಿಯಾಗೇ ಹೇಳಿದಾನೆ. ಮುಂದಿನ ವಾರ ಹೋದಾಗ ನಾನು ಕೇಳ್ದೆ ಅಂತ ಹೇಳಿ" ಎಂದರು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ನಾನು ಹೆದರಿದ್ದ ಘಳಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ವಾಂತಿ ಶುರುವಾಗಿ ಕೈಕಾಲು ತಣ್ಣಗಾಯಿತು. ಯಾರನ್ನು ಕರೆಯಲಿ ಎಂದು ಬಾಗಿಲಿಗೆ ಬಂದರೆ, ಮೇಗರವಳ್ಳಿಯಿಂದ ಬಂದ ಅಕ್ಕನ ಅಣ್ಣ ಅಂಗಳದಲ್ಲಿ ನಿಂತಿದ್ದಾರೆ. ತಂಗಿಯನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಭಾವ ಎಲ್ಲಿ?"

"ಹೊಳೆಗೆ ಹೋಗಿದ್ದಾರೆ" ಎಂದೆ.

"ಹೊಳೆಗಾ? ಇಷ್ಟೊತ್ತಲ್ಲಿ ಸ್ನಾನಕ್ಕಾ?"

ನಾನು ತಡವರಿಸುತ್ತ ವಿಷಯ ಹೇಳಿದೆ. ಅವರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಹೇಳಿ ಕಳಿಸ್ಬೇಡಿ, ಕರೆಸ್ಬೇಡಿ" ಎಂದು ಅಕ್ಕ ಮಲಗಿದಲ್ಲಿಂದಲೇ ಹೇಳುತ್ತಿದ್ದರೂ, ನಾನು ಓಡಿಹೋಗಿ ಸಾಗರದ ಬಸ್ಸಿನ ಡ್ರೈವರನ ಹತ್ತಿರ ಹೇಳಿಕಳಿಸಿದೆ. ಮೇಷ್ಟ್ರು ಸಾಮಾನ್ಯವಾಗಿ ಬಸ್ಸಿನ ರಸ್ತೆಗೆ ಹತ್ತುವ ಕಡೆ ಅವರಿಗೆ ಸುದ್ದಿ ಸಿಕ್ಕಿತು. ಎದುರಿಗೆ ಬಂದ ಯಾವುದೋ ಲಾರಿ ಹತ್ತಿ ನಾಲ್ಕು ಗಂಟೆಗೆಲ್ಲ ಬಂದುಬಿಟ್ಟರು. ಪಂಚೆ ಮೊಣಕಾಲವರೆಗೆ ಒದ್ದೆ. ಅಷ್ಟರಲ್ಲಿ ಡಾಕ್ಟರು ಬಂದು ಸೂಜಿ ಚುಚ್ಚಿದ್ದರಿಂದ ಅಕ್ಕ ಚೇತರಿಸಿಕೊಂಡಿದ್ದರು.

"ನನ್ನ ತಂಗಿ ಇಲ್ಲಿ ಸಾಯ್ತಾ ಬಿದ್ದಿದಾಳೆ, ನೀವು ಹೊಳೆದಂಡೆ ಸುತ್ತುತಾ ಇದೀರಿ! ಮೇಷ್ಟ್ರಂತೆ, ಮೇಷ್ಟ್ರು! ವರದಹಳ್ಳಿಗೆ ಕರ್ಕಂಡು ಹೋಗಿ ನಾಲ್ಕು ದಿನ ಸೇವೆ ಮಾಡ್ಸಿ ಅಂತ ನಾನು ಬಡ್ಕಂಡೆ. ಅದಕ್ಕೆ ನಿಮಗೆ ಪುರುಸೊತ್ತಿಲ್ಲ."

"ಹೋಗಿ ಬಂದಿದೀವಿ ಅಣ್ಣಯ್ಯ" ಎಂದರು ಅಕ್ಕ ಕ್ಷೀಣ ದನಿಯಲ್ಲಿ. "ಕೇಳಿದ್ದನ್ನೇ ಕೇಳಿದ್ರೆ ದೇವ್ರಿಗೂ ಬೇಜಾರು. ಇವ್ರನ್ನ ಹೊಳೆಗೆ ಕಳಿಸಿದ್ದು ನಾನು."

"ನೀನು ಕಳಿಸ್ತೀಯ, ನಿಂಗೆ ಬುದ್ಧಿ ಇಲ್ಲ. ಹೋಗೋರಿಗೆ ಇರ್ಬೇಕಲ್ಲ!"

ಮಾರನೆಯ ದಿನ ಅಣ್ಣ ತಂಗಿಯನ್ನು ಊರಿಗೆ ಕರೆದರು. ಅಕ್ಕ ಒಪ್ಪಲಿಲ್ಲ. ಅವರು ಸಿಟ್ಟಿನಲ್ಲೇ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಮೇಷ್ಟ್ರು ಹೊರಡಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಕ್ಕ ಒತ್ತಾಯ ಮಾಡಿದರು, ಜಗಳವಾಡಿದರು, ಆಮೇಲೆ ಸುಮ್ಮನಾದರು. ಸುಮ್ಮನಾದದ್ದು ನೋಡಲು ಕಷ್ಟವಾಗಿತ್ತು. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಗಂಡ ಪಕ್ಕದಲ್ಲೇ ಕೂತಿರುತ್ತಿದ್ದರು. ಇಬ್ಬರ ನಡುವೆ ಮಾತಿಗೆ ಏನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ನಾನು ತಲೆ ಬಾಚುತ್ತಿದ್ದಾಗ ಅಕ್ಕ ಹೇಳಿದರು:

"ಅವತ್ತು ನೀವು ಕರೆಸ್ಬಾರ್ದಿತ್ತು ಟೀಚರೇ."

"ನಂಗೆ ಭಯ ಆಯ್ತು ಅಕ್ಕ."

"ನಿಮ್ಮ ತಪ್ಪಲ್ಲ, ಬಿಡಿ. ಆದ್ರೆ ಒಂದು ಮಾತು ಕೇಳಿ. ಸೋಮವಾರದಿಂದ ಶನಿವಾರದವರೆಗೆ ನಂಗೆ ಕಾಯೋಕೆ ಎಂತದೋ ಇತ್ತು. ಅಜ್ಜಿ ಎಂತ ಹೇಳಿದ್ಲು, ಆ ನೇಗಿಲಿನವನು ಉತ್ನಾ, ಅಂತ. ಈಗ ಕಾಯೋಕೆ ಒಂದೇ ಉಳಿದದೆ. ಅದು ತಾನಾಗೇ ಬರ್ತದೆ, ಅದಕ್ಕೆ ಯಾಕೆ ಕಾಯ್ಬೇಕು?"

ಅಲ್ಲಿಯವರೆಗೆ ಇದು ಮೇಷ್ಟ್ರ ಆಸೆ, ಅಕ್ಕ ದೊಡ್ಡ ಮನಸ್ಸು ಮಾಡಿ ಕಳಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಹೊಳೆದಂಡೆಯ ಮೇಲೆ ಇಬ್ಬರೂ ನಡೆಯುತ್ತಿದ್ದಾರೆ ಎನ್ನುವುದು ಹೊಳೆದಿರಲಿಲ್ಲ. ಮಾರನೆಯ ದಿನ ಶಾಲೆಯಲ್ಲಿ ಮೇಷ್ಟ್ರು ಒಬ್ಬರೇ ಕೂತು ಪರೀಕ್ಷೆ ಪೇಪರು ತಿದ್ದುತ್ತಿದ್ದಾಗ ಹೋಗಿ, ಅಕ್ಕ ಹೇಳಿದ್ದನ್ನು ಒಂದಕ್ಷರವೂ ಬಿಡದೆ ಹೇಳಿದೆ. ಅವರು ಪೆನ್ನು ಮುಚ್ಚಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ನಿಮಗೇನನಿಸ್ತದೆ ಟೀಚರೇ? ಹೋಗ್ಲಾ?"

ನನ್ನಂಥ ಹುಡುಗಿಯನ್ನು ಅವರು ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. "ಹೋಗಿ ಮೇಷ್ಟ್ರೇ. ನಾನಿರ್ತೀನಿ. ಈ ಸಲ ಕರೆಸಲ್ಲ" ಎಂದೆ. ಹಾಗೆ ಹೇಳುವಾಗ ನನ್ನ ಮಾತಿಗೆ ನನಗೇ ಭಯವಾಯಿತು.

ಆ ಭಾನುವಾರ ಅವರು ಹೋದರು. ಸಂಜೆ ಬಂದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ನೇಗಿಲಿನವನು ಉತ್ತಿರಲಿಲ್ಲ, ಅಂಗಳದಲ್ಲಿ ಮಗಳ ಮದುವೆಗೆ ಚಪ್ಪರ ಹಾಕುತ್ತಿದ್ದ. "ಮುಳುಗೋ ಅಂಗಳದಲ್ಲಿ ಕಡೇ ಮದುವೆ ನಮ್ಮನೇದೇ ಆಗ್ಲಿ" ಎಂದನಂತೆ. ಮದುವೆಗೆ ಅಕ್ಕನನ್ನೂ ಕರೆದಿದ್ದ. ಅಕ್ಕ ಎಷ್ಟೋ ದಿನದ ಮೇಲೆ ನಕ್ಕರು. ಪೆಟ್ಟಿಗೆಯಿಂದ ಉಡದೆ ಇಟ್ಟಿದ್ದ ಒಂದು ಹಸಿರು ಸೀರೆ ತೆಗೆಸಿ ಮದುಮಗಳಿಗೆ ಕಳಿಸಿಕೊಟ್ಟರು.

ಎಲ್ಲರೂ ಹೆದರಿದ್ದು ಭಾನುವಾರಕ್ಕೆ. ಅಕ್ಕ ಹೋದದ್ದು ಒಂದು ಬುಧವಾರ ಬೆಳಿಗ್ಗೆ, ಮೂರನೆಯ ಪಿರಿಯಡ್ಡಿನಲ್ಲಿ. ಮೇಷ್ಟ್ರು ಮನೆಗೆ ಕೂಗಳತೆಯಲ್ಲೇ ಏಳನೆಯ ತರಗತಿಗೆ ಪಾಠ ಮಾಡುತ್ತಿದ್ದರು. ಅಡುಗೆಗೆ ಬರುತ್ತಿದ್ದ ಹೆಂಗಸು ಶಾಲೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿ ಮೇಷ್ಟ್ರು ಮಕ್ಕಳಿಗೆ, "ಇವತ್ತಿಗೆ ಸಾಕು, ಗಲಾಟೆ ಮಾಡದೆ ಮನೆಗೆ ಹೋಗಿ" ಎಂದು ಹೇಳಿ ಹೊರಗೆ ಬಂದರು. ನಾನು ಹಿಂದೆಯೇ ಓಡಿದೆ. ಅಕ್ಕ ಎಡಮಗ್ಗುಲಾಗಿ ಮಲಗಿದ್ದರು. ಬೆಳಿಗ್ಗೆ ಶಾಲೆಗೆ ಹೊರಡುವಾಗ ನನ್ನೊಡನೆ, ದೋಣಿಯವನ ಹೆಂಡತಿಯ ವಿಷಯ ಕೇಳುವುದು ಈ ವಾರವಾದರೂ ಮರೆಯಬಾರದು ಎಂದಿದ್ದರು.

ಉತ್ತರಕ್ರಿಯೆಯ ದಿನ ಮೇಗರವಳ್ಳಿಯ ಅಣ್ಣ ಬಂದು ಓಡಾಡಿದರು. ಭಾವನ ಜೊತೆ ಬೇಕಾದಷ್ಟೇ ಮಾತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಬಂದು ನಿಂತರು. ಊರಿನವರು ಯಾರಿಗೂ ಅವರ ಗುರುತಿಲ್ಲ. ಒಬ್ಬ ಅಜ್ಜಿ, ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ತಲೆಗೆ ವಸ್ತ್ರ ಸುತ್ತಿದ ಗಂಡಸರು, ಹಸಿರು ಸೀರೆಯುಟ್ಟ ಒಬ್ಬ ಹೊಸ ಮದುಮಗಳು. ನೇಗಿಲಿನವನು ಮುಳುಗಡೆಯ ಕಾಗದಕ್ಕೆಂದು ತಾಲ್ಲೂಕು ಆಫೀಸಿಗೆ ಬಂದಾಗ ಸುದ್ದಿ ಕೇಳಿ, ದಂಡೆಯ ಮನೆಗಳಿಗೆಲ್ಲ ಮುಟ್ಟಿಸಿದ್ದ.

"ನೀವೆಲ್ಲ ಯಾರು?" ಎಂದು ಅಣ್ಣ ಕೇಳಿದರು. "ನನ್ನ ತಂಗಿ ನಿಮಗೆ ಹೆಂಗೆ ಗೊತ್ತು?"

"ನಾವು ನೋಡಿದ್ದಿಲ್ಲ ಸ್ವಾಮಿ" ಎಂದಳು ಅಜ್ಜಿ. "ಆ ಅಮ್ಮ ವಾರ ವಾರ ನಮ್ಮನ್ನ ಕೇಳ್ತಿದ್ರಲ್ಲ. ಉಂಡ್ರಾ, ಮಗೀಗೆ ಜ್ವರ ಬಿಡ್ತಾ, ಎಲ್ಲಿಗೆ ಹೋಗ್ತೀರಿ ಅಂತ. ಮರಕ್ಕೆ ಗುರುತು ಹಾಕೋರು ಬಂದ್ರು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕಳೋರು ಬಂದ್ರು. ಹಂಗೆ ಕೇಳ್ದೋರು ಇನ್ಯಾರೂ ಬರ್ಲಿಲ್ಲ."

ಅಣ್ಣ ಒಳಗೆ ಹೋಗಿ, ತಾವೇ ಬಾಳೆ ಎಲೆ ತಂದು ಅವರೆಲ್ಲರಿಗೆ ಮೊದಲ ಪಂಕ್ತಿಯಲ್ಲಿ ಹಾಸಿದರು. ಬಡಿಸುತ್ತ ಬಡಿಸುತ್ತ ಅಜ್ಜಿಯ ಮುಂದೆ ಬಂದಾಗ, "ಅವಳು ನಮ್ಮ ಅಮ್ಮನ ಹಾಗೆ, ಚಿಕ್ಕಂದಿನಿಂದ ಬಾಯಿ ಜಾಸ್ತಿ" ಎಂದರು. ಕಣ್ಣೀರು ಇಳಿಯುತ್ತಿತ್ತು. ಅವತ್ತು ಹೊರಡುವಾಗ ಮೇಷ್ಟ್ರ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು.

ನಡೆಯದೆ ಉಳಿದದ್ದು ಸಾಗರ ಸೀಮೆಯ ಕೊನೆಯ ತುಂಡು. ಬೇಸಗೆ ರಜೆಗೆ ನಾನು ಸಾಗರಕ್ಕೆ ಬಂದಿದ್ದೆ. ಮೇಷ್ಟ್ರು ಮುಗಿಸುತ್ತಾರೋ ಇಲ್ಲವೋ ಎಂಬುದು ನನಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಆಗಿರಲಿಲ್ಲ. ಮೇ ತಿಂಗಳ ಒಂದು ಸಂಜೆ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಚಪ್ಪಲಿಯ ಉಂಗುಟ ಕಿತ್ತುಹೋಗಿ ಬಳ್ಳಿ ಕಟ್ಟಿಕೊಂಡಿದ್ದರು. ಮಡೆನೂರಿನ ಹಳೇ ಅಣೆಕಟ್ಟಿನ ಹಿನ್ನೀರಿನ ಹತ್ತಿರ ದಂಡೆ ಸಿಗದೆ ಗುಡ್ಡ ಸುತ್ತಬೇಕಾಯಿತಂತೆ. ನಾಲ್ಕು ದಿನ ನಡೆದು, ಅವತ್ತು ಮಧ್ಯಾಹ್ನ ಜೋಗ ಮುಟ್ಟಿ, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ಅಪ್ಪನಿಗೆ ನಾನು ಎಲ್ಲ ಹೇಳಿದ್ದೆ. ಅವರು ಸಡಗರದಿಂದ ಕೂರಿಸಿ ಪಾನಕ ಕೊಟ್ಟರು.

"ಅಂತೂ ಮುಗಿಸಿದ್ರಿ ಮೇಷ್ಟ್ರೇ! ಹೆಂಗಿತ್ತು ಜೋಗ?"

"ಬೇಸಗೆ ಅಲ್ವಾ, ನೀರು ಸಣ್ಣ. ನಾಲ್ಕು ದಾರ ಇಳಿಬಿಟ್ಟ ಹಾಗಿತ್ತು" ಎಂದರು. ಅಷ್ಟೇ. ಅಪ್ಪ ಇನ್ನೂ ಏನೋ ಬರುತ್ತದೆಂದು ಕಾದರು. ಮೇಷ್ಟ್ರು ಮುಂದುವರಿಸಿದರು: "ಅಲ್ಲೇ ಮೇಲುಗಡೆ ಒಂದು ಚಹಾದ ಗುಡಿಸಲು ಇದೆ. ಒಬ್ಬಳು ಹೆಂಗಸು ಹೊಸದಾಗಿ ಹಾಕ್ಕೊಂಡಿದಾಳೆ. ಮುಳುಗಡೆ ಊರಿನವಳೇ. ಹುಟ್ಟಿದ್ದು ಬೆಳೆದದ್ದು ಎಲ್ಲ ಹೊಳೆ ಮೇಲೆ, ಆದ್ರೂ ಜೋಗ ನೋಡಿದ್ದು ಈಗಲೇ ಮೊದಲು ಅಂತೆ. ಮನೆ ಸಾಮಾನು ಗಾಡಿಗೆ ಹೇರೋ ದಿನವೇ ಹೆರಿಗೆ ನೋವು ಬಂದು, ಎತ್ತು ಬಿಚ್ಚಿಸಿ, ಖಾಲಿ ಮನೇಲೇ ಹೆತ್ತಳಂತೆ. ಬಾಗಿಲೂ ಕಿತ್ತು ಗಾಡಿಗೆ ಹಾಕಿಯಾಗಿತ್ತು. ನೆರೆಯೋರು ಸೀರೆ ಅಡ್ಡ ಹಿಡಿದ್ರಂತೆ. ಹೆಣ್ಣು ಮಗು. ಎಷ್ಟು ಚೂಟಿ ಇದೆ ಅಂತೀರಿ, ನನ್ನ ಬೆರಳು ಹಿಡ್ಕಂಡು ಬಿಡಲೇ ಇಲ್ಲ. ಒಂದೂವರೆ ಗಂಟೆ ಅಲ್ಲೇ ಕೂತಿದ್ದೆ."

ಹೆಂಗಸಿನ ಗಂಡ ಅಣೆಕಟ್ಟಿನಲ್ಲಿ ಕಲ್ಲು ಹೊರುವುದು, ಅವಳ ಅತ್ತೆ ಊರು ಬಿಟ್ಟು ಬರಲು ಒಪ್ಪದೆ ಕೊಟ್ಟಿಗೆಯಲ್ಲಿ ಕೂತುಬಿಟ್ಟದ್ದು, ಆ ಅತ್ತೆಯನ್ನು ಕರೆತರಲು ಹಸುವನ್ನು ಮೊದಲು ಹೊರಡಿಸಿದ್ದು, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ತಟ್ಟನೆ ನಿಂತರು. ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಥೋ! ಮಗೂಗೆ ಎಂತ ಹೆಸರಿಟ್ಟಿದಾರೆ ಅಂತ ಕೇಳಲೇ ಇಲ್ವಲ್ಲ."

ಅಪ್ಪ ನಕ್ಕರು. "ಹೆಸರು ತಗೊಂಡು ಎಂತ ಮಾಡ್ತೀರಿ ಮೇಷ್ಟ್ರೇ?"

ಅವರು ನಗಲಿಲ್ಲ. ನನ್ನ ಕಡೆ ತಿರುಗಿದರು.

"ಟೀಚರೇ, ಬೆಳಿಗ್ಗೆ ಜೋಗದ ಕಡೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?"

ಆರೂವರೆಗೆ ಎಂದೆ. ಮಾರನೆಯ ದಿನ ನಾನು ಏಳುವಷ್ಟರಲ್ಲಿ ಅವರು ಹಾಸಿಗೆ ಮಡಿಚಿಟ್ಟು ಹೊರಟುಹೋಗಿದ್ದರು.